ಅಡಿವೆಪ್ಪ ಗಾಡಿಗೆ ಗಾಳಿ ಹಾಕಿಸಿದ್ದು

ಊರಿಗೊಬ್ಬ ಪೆದ್ದ ಇರಬೇಕಂತೆ. ಅಡಿವೆಪ್ಪ ಹುಟ್ಟಿದ ಮೇಲೆ ಅವನ ಊರಲ್ಲಿ ಬೇರೆಯವರಿಗೆ ಆ ಜಾಗ ಸಿಗಲೇ ಇಲ್ಲ. ತಾಯಿ ದೇಮವ್ವ ಕಡಕ್ ರೊಟ್ಟಿ ಬಡಿದು, ಮನೆ ಮನೆ ತಿರುಗಿ ಮಾರಿ ಅವನನ್ನು ಸಾಕಿದವಳು. ಗಂಡ ಅವಳಿಗೆ ಬಿಟ್ಟು ಹೋದದ್ದು ಒಂದು ಹಳೇ ಬೈಕು, ಮತ್ತೆ ಈ ಮಗ. ಎರಡರಲ್ಲಿ ಬೈಕೇ ವಾಸಿ, ಒದ್ದರೆ ಚಾಲೂ ಆಗುತ್ತಿತ್ತು.

ಪೇಟೆಯಲ್ಲಿ ಗೌರಕ್ಕ ಹೊಸದಾಗಿ ಖಾನಾವಳಿ ತೆರೆದಳು. "ದೇಮವ್ವ, ರೊಟ್ಟಿ ಮುರೀದಂಗ ಮಧ್ಯಾಹ್ನದ ಊಟಕ್ಕ ಮುಟ್ಟಿಸಿದರ ದಿನಾ ನಿನ್ನ ಕಡೇನ ತಗೋತೀನಿ" ಅಂದಳು. ಇನ್ನು ತಿರುಗಾಟ ತಪ್ಪಿತು ಅಂತ ದೇಮವ್ವ ಹಿಗ್ಗಿ ಮಗನನ್ನು ಕರೆದಳು.

"ಟೈರ್ ಮೆತ್ತಗಾಗ್ಯಾವ. ಗಟ್ಟಿ ಗಾಳಿ ಹಾಕಿಸ್ಕೊಂಡು ಹೋಗು, ಮಗನ!"

ಹೋದ. ಪಂಕ್ಚರ್ ಅಂಗಡಿಯ ಖಾಜಾಸಾಬ "ಸಾಕೋ!" ಅಂದ. "ಗಟ್ಟಿ ಅಂದಾಳ ನಮ್ಮವ್ವ, ಇನ್ನೂ ಹಾಕು!" ಅಂದ ಅಡಿವೆಪ್ಪ. ಟೈರ್ ಬಂಡೆಯಾಯಿತು. ದಾರಿಯಲ್ಲಿ ಸಣ್ಣ ಕಲ್ಲು ಬಂದರೂ ಗಾಡಿ ಕುಣಿಯಿತು, ಅಡಿವೆಪ್ಪ ಕುಣಿದ, ರೊಟ್ಟಿ ಕುಣಿದವು. ಗೌರಕ್ಕ ಗಂಟು ಬಿಚ್ಚಿದರೆ ಬರೀ ಚೂರು!

"ಇದನ್ನ ಉಣ್ಣೂದೋ, ಮುಕ್ಕೂದೋ?"

ದೇಮವ್ವ ಹಣೆ ಬಡಿದುಕೊಂಡಳು. "ಅಯ್ಯ ಖೋಡಿ! ಅಷ್ಟು ತುಂಬಸ್ತಾರೇನು? ಹೆಬ್ಬೆರಳಿಲೆ ಒತ್ತಿ ನೋಡು, ಒಂದೀಟು ತಗ್ಗಬೇಕು!"

"ಆಗಲವ್ವ!"

ಮರುದಿನ ಒತ್ತಿದ. ತಗ್ಗಲಿಲ್ಲ. ಗಾಳಿ ಬಿಟ್ಟ, ಒತ್ತಿದ. ಬಿಟ್ಟ, ಒತ್ತಿದ. ಹೆಬ್ಬೆರಳು ಹಾಯಾಗಿ ಒಳಗೆ ಹೋಗುವ ಹೊತ್ತಿಗೆ ಟೈರ್ ಚಪ್ಪಟೆ. ಗಾಡಿ ತಳ್ಳಿಕೊಂಡು ಖಾನಾವಳಿ ಮುಟ್ಟಿದಾಗ ಊಟ ಮುಗಿದು ತಾಟು ತೊಳೆಯುತ್ತಿದ್ದರು.

"ಯಾರಿಗೆ ತಂದಿಯೋ, ನಾಯಿಗೇನು?"

"ನಿನ್ನ ಹೆಬ್ಬೆರಳಿಗೆ ಬೆಂಕಿ ಹಾಕ!" ಅಂದಳು ದೇಮವ್ವ. "ಖಾಜಾಸಾಬನ ಹತ್ತಿರ ಮೀಟರ್ ಐತಿ. ಅವ ಹೇಳಿದಂಗ ಮಾಡು!"

ಮರುದಿನ ಚಪ್ಪಟೆ ಟೈರಲ್ಲೇ ಗಾಡಿ ಓಡಿಸಿಕೊಂಡು ಬಂದವನಿಗೆ ಖಾಜಾಸಾಬ ಪಾಪ, ಬಿಡಿಸಿ ಹೇಳಿದ. "ಓಡಿದ ಟೈರ್ ಬಿಸಿ ಇರತೈತಿ, ಮೀಟರ್ ಹೆಚ್ಚು ತೋರಸ್ತೈತಿ. ತಣ್ಣಗಿದ್ದಾಗ ನೋಡಬೇಕಪ."

ಅಡಿವೆಪ್ಪ ಟೈರ್ ಮುಟ್ಟಿದ. ಬೆಚ್ಚಗಿತ್ತು! ತನಗೆ ಜ್ವರ ಬಂದಾಗ ಅವ್ವ ಮಾಡುವ ಹಾಗೇ ಮಾಡಿದ. ರೊಟ್ಟಿ ಕಟ್ಟಿದ್ದ ಬಟ್ಟೆ ಬಿಚ್ಚಿ, ನೀರಲ್ಲಿ ಅದ್ದಿ, ಟೈರಿಗೆ ಸುತ್ತಿದ. ಟೈರ್ ತಣ್ಣಗಾಯಿತು, ಗಾಳಿ ಸರಿಯಾಯಿತು. ಅದೇ ಒದ್ದೆ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋದ!

"ಇದು ಕಡಕ್ ರೊಟ್ಟಿಯೇನು? ಒದ್ದಿ ಗೋಣಿಚೀಲ!" ಗೌರಕ್ಕ ಕೆಂಡವಾದಳು. "ನಾಳೆ ಒಂದು ದಿನ ನೋಡ್ತೀನಿ. ನಾಳೇನೂ ಹಿಂಗಾದರ ಬ್ಯಾರೆಯವರಿಗೆ ಹೇಳ್ತೀನಿ!"

ಈ ಸಲ ದೇಮವ್ವ ಬೈಯಲಿಲ್ಲ, ಅತ್ತಳು. ಅಳುತ್ತಲೇ ಹಿಟ್ಟು ನಾದಿದಳು. ಮರುದಿನ ತಾನೂ ಹೊರಟಳು. ಟೈರ್ ಬಿಸಿಯಾಗದ ಹಾಗೆ ಗಾಡಿಯನ್ನು ಅಂಗಡಿವರೆಗೆ ತಳ್ಳಿಸಿದಳು.

"ಯಾರ್ಯಾರು ಹೋಗ್ತೀರಿ?" ಕೇಳಿದ ಖಾಜಾಸಾಬ.

"ನಾನು, ಇವ, ಈ ರೊಟ್ಟಿ ಗಂಟು."

ತಕ್ಕಷ್ಟು ಗಾಳಿ ಹಾಕಿದ. "ಈ ಭಾರಕ್ಕ ಈ ಗಾಳಿ ಬರೋಬ್ಬರಿ."

"ಕೇಳಿದ್ಯಾ?" ದೇಮವ್ವ ಮಗನ ಕಿವಿ ಹಿಂಡಿದಳು. "ಗಾಳಿ ಮುಟ್ಟಿದರ ಕೈ ಮುರೀತೀನಿ! ಎಷ್ಟು ಭಾರ ಅಂದಾನೋ ಅಷ್ಟ ಭಾರ ಹೊತ್ತು ಓಡಸು!"

"ಆಗಲವ್ವ!"

ಗಂಟನ್ನು ಮುಂದೆ ಟ್ಯಾಂಕಿನ ಮೇಲೆ ಕಟ್ಟಿದರು. ದೇಮವ್ವ ಹಿಂದೆ ಕೂತಳು. ಗಾಡಿ ತೊಟ್ಟಿಲಿನ ಹಾಗೆ ಹೋಯಿತು. ಗೌರಕ್ಕ ಅಡುಗೆಮನೆಯಲ್ಲಿ ಗಂಟು ಬಿಚ್ಚಿ ನೋಡಿದಳು. ಒಂದೂ ಮುರಿದಿಲ್ಲ!

"ಇನ್ನ ದಿನಾ ತರಸು ದೇಮವ್ವ! ಬಾ, ಚಾ ಕುಡಿ ಮೊದಲ!"

ಮುಂದಿನ ಪಡಸಾಲೆಯಲ್ಲಿ ಕೂತು ಚಹಾ ಕುಡಿದು ದೇಮವ್ವ ಹೊರಬಂದಾಗ ಮಗ ಗಾಡಿ ಚಾಲೂ ಮಾಡಿ ಕಾಯುತ್ತಿದ್ದ. ದಾರಿಯುದ್ದಕ್ಕೂ ಅವನ ಅಗಲ ಬೆನ್ನು ಸವರುತ್ತ ಕೂತಳು.

"ಗಾಡಿ ಎಷ್ಟು ಚಂದ ಹೊಂಟೈತೋ!"

"ಹೂಂ ಅವ್ವ, ಭಾರ ಬರೋಬ್ಬರಿ ಐತಿ!"

ಮನೆ ಬಂತು. ಇಳಿದಳು. ಮುಂದೆ ಬಂದು ನೋಡಿದಳು. ಟ್ಯಾಂಕಿನ ಮೇಲೆ ರೊಟ್ಟಿ ಗಂಟು!

"ಏನೋ ಇದು!"

"ಗಂಟು ಇಳಿಸಿದರ ಭಾರ ಕಡಿಮಿ ಆತಲ್ಲವ್ವ! ಗಾಳಿ ಮುಟ್ಟಬ್ಯಾಡ ಅಂದಿ. ಅದಕ್ಕ ನೀವು ಚಾ ಕುಡಿಯೂವಾಗ ಅಡಗಿಮನಿಯಿಂದ ಹೊತ್ತು ತಂದು ಮತ್ತ ಕಟ್ಟಿದೆ."

ಅತ್ತ ಖಾನಾವಳಿಯಲ್ಲಿ ಮಂದಿ ತಾಟಿಗೆ ಪಲ್ಯ ಹಾಕಿಸಿಕೊಂಡು ರೊಟ್ಟಿಗೆ ಕೂಗುತ್ತಿದ್ದರು. ಇತ್ತ ಅಡಿವೆಪ್ಪ ಗಂಟು ಬಿಚ್ಚಿ, ಅವ್ವನ ಮುಂದೆ ಹಿಡಿದು, ಹಲ್ಲು ಕಿರಿದ.

"ನೋಡವ್ವ, ಹೋಗಿ ಬಂದರೂ ಒಂದೂ ಮುರಿದಿಲ್ಲ!"