ಸಾಲಿನ ಮೊದಲ ಅಕ್ಷರ

ಜನನ, ಮರಣಗಳನ್ನು ಒಂದೇ ರಿಜಿಸ್ಟರಿನಲ್ಲಿ ಬೆರೆಸಿ ಬರೆದಿದ್ದ ಪುರಸಭೆಗೆ ದಾಖಲೆ ಓದಿ ತಿದ್ದುವ ಹೊಸ ಯಂತ್ರವೊಂದು ಬಂತು. ತನ್ನಷ್ಟು ಬೇಗ ಓದುವವರಿಲ್ಲವೆಂದು ಅದಕ್ಕೆ ಜಂಬ. ತಂದೆಯ ಹೆಸರು ತಿದ್ದಿಸಲು ಬಂದ ಬಸಲಿಂಗವ್ವನ ಹೆಸರನ್ನು ಚಿಟಿಕೆ ಹೊಡೆಯುವುದರೊಳಗೆ ಹುಡುಕಿ, "ತಂದೆಯ ಹೆಸರು ವಿಷಮಶೀತಜ್ವರ ಎಂದಿದೆ. ಅಳಿಸಲೇ?" ಎಂದಿತು.

"ತಡೆಯಪ್ಪ," ಎಂದಿತು ಗೋಡೆಯ ಮೇಲಿನ ಮುದಿ ಹಲ್ಲಿ. "ಸಾಲಿನ ಮೊದಲಿಗೆ 'ಮ' ಇದೆ, ಅಂದರೆ ಮರಣ. ಇದು ಈ ತಾಯಿಯ ಅಜ್ಜಿಯದು, ಮೊಮ್ಮಗಳಿಗೂ ಅದೇ ಹೆಸರಿಟ್ಟಿದ್ದಾರೆ. ಮರಣದ ಸಾಲಿನಲ್ಲಿ ಮೂರನೇ ಕಾಲಂ ಕಾಯಿಲೆಯದು. 'ಜ' ಇದ್ದರೆ ಮಾತ್ರ ಅಲ್ಲಿ ತಂದೆ. ನೋಡದೆ ಈ ಸಾಲಿಗೆ ಈಕೆಯ ತಂದೆಯ ಹೆಸರು ಬರೆದರೆ ಈಕೆ ಬದುಕಿದ್ದೂ ದಾಖಲೆಯಲ್ಲಿ ಸತ್ತವಳಾಗುತ್ತಾಳೆ."

ಯಂತ್ರ 'ಜ' ಇದ್ದ ಸಾಲನ್ನು ಹುಡುಕಿತು. ಈಗಲೂ ಅದು ಕ್ಷಣದಲ್ಲೇ ಓದುತ್ತದೆ. ಆದರೆ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟುವವರೆಗೆ ಒಂದಕ್ಷರವನ್ನೂ ತಿದ್ದುವುದಿಲ್ಲ.