ಕುಂಬಾರ ನೆಟ್ಟ ಗೂಟಗಳು

"ಗುರುಗಳೇ, ಒಳ್ಳೆಯವನೊಬ್ಬ ಸತ್ತರೆ ಎಷ್ಟು ಎತ್ತರದ ಕಲ್ಲು ನಿಲ್ಲಿಸಬೇಕು?"

ಶಿಷ್ಯ ಆಗಷ್ಟೇ ಹೊಳೆ ದಾಟಿ ಬಂದು ಜಗಲಿಯ ಮೇಲೆ ಕುಳಿತಿದ್ದ. ಅವನ ತಂದೆ ತೀರಿಕೊಂಡು ಮೂರು ತಿಂಗಳಾಗಿತ್ತು. ಊರಿಗೆಲ್ಲ ಬೇಕಾಗಿದ್ದ ಮನುಷ್ಯ. ಜನ ಅವನನ್ನು ಮರೆತುಬಿಟ್ಟಾರು ಎಂಬುದೇ ಮಗನ ಭಯ. ಆರು ಅಡಿ ಸಾಕು ಎಂದು ತಮ್ಮ, ಎಂಟು ಅಡಿ ಬೇಕು ಎಂದು ಇವನು. ಹೆಸರು ದೂರಕ್ಕೆ ಕಾಣಬೇಕು.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಒಬ್ಬ ಕುಂಬಾರನಿದ್ದ," ಎಂದರು.

ಕುಂಬಾರನ ಊರು ಹೊಳೆಯ ದಂಡೆಯಲ್ಲಿತ್ತು. ಸಂತೆ, ವೈದ್ಯರು, ಬೀಗರು ಎಲ್ಲ ಆಚೆ ದಡದಲ್ಲಿ. ಸೇತುವೆ ಇರಲಿಲ್ಲ. ಮಳೆಗಾಲ ಕಳೆದರೆ ದೋಣಿ ತೇಲುವಷ್ಟು ನೀರಿರುತ್ತಿರಲಿಲ್ಲ, ನಡೆದೇ ದಾಟಬೇಕು. ಆದರೆ ಅದು ಮರಳಿನ ಹೊಳೆ. ಈಚೆಗೆ ಮೊಣಕಾಲು ನೀರಿದ್ದರೆ ಒಂದೇ ಮಾರು ಆಚೆಗೆ ಆಳು ಮುಳುಗುವ ಗುಂಡಿ. ಪ್ರತಿ ಮಳೆಗಾಲವೂ ಗುಂಡಿಗಳು ಜಾಗ ಬದಲಿಸುತ್ತಿದ್ದವು.

ದೀಪಾವಳಿ ಕಳೆದ ವಾರ ಕುಂಬಾರ ತಿಗರಿ ನಿಲ್ಲಿಸಿ, ಬಿದಿರುಕೋಲು ಹಿಡಿದು ಹೊಳೆಗೆ ಇಳಿಯುತ್ತಿದ್ದ. ಹೆಜ್ಜೆಗೊಮ್ಮೆ ಕೋಲೂರಿ ತಳ ನೋಡುತ್ತಿದ್ದ. ಗಟ್ಟಿ ಮರಳು ಸಿಕ್ಕ ಕಡೆ ಜಾಲಿಯ ಗೂಟ ನೆಡುತ್ತಿದ್ದ. ಆಚೆ ದಡ ಮುಟ್ಟುವಷ್ಟರಲ್ಲಿ ಹದಿನೈದು ಗೂಟ. ಸಂತೆಗೆ ಹೋಗುವವರು ಗೂಟಗಳನ್ನು ಬಲಗೈಗೆ ಬಿಟ್ಟು ನಡೆಯಬೇಕು, ಬರುವವರು ಎಡಗೈಗೆ. ಹಿಂದಿನ ವರ್ಷದ ಗೂಟ ಯಾವುದಾದರೂ ಉಳಿದಿದ್ದರೆ ಅವನು ಮೊದಲು ಅದನ್ನು ಕಿತ್ತುಹಾಕುತ್ತಿದ್ದ.

ಈ ಕೆಲಸವನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಒಮ್ಮೆ ಊರಗೌಡ ಕೇಳಿದ, "ಇದರಿಂದ ನಿನಗೇನು ಬರುತ್ತದೋ?"

"ನನ್ನ ಮಡಕೆಯೂ ಸಂತೆಗೆ ಹೋಗಬೇಕಲ್ಲ," ಎಂದ ಕುಂಬಾರ. ಮಡಕೆ ಇಲ್ಲದ ದಿನಗಳಲ್ಲಿ ಮುದುಕರನ್ನು, ಜ್ವರ ಬಂದವರನ್ನು ಬೆನ್ನ ಮೇಲೆ ಹೊತ್ತು ದಾಟಿಸುತ್ತಿದ್ದ. ಅದಕ್ಕೆ ಅವನು ಕಾರಣ ಹೇಳಲಿಲ್ಲ.

ಅವನ ಹೆಂಡತಿಗೆ ನೀರೆಂದರೆ ಜೀವಭಯ. ಪಾದ ಮುಳುಗುವಲ್ಲಿಗೆ ನಿಂತುಬಿಡುತ್ತಿದ್ದಳು. ಗಂಡ ಗೂಟ ನೆಟ್ಟು ಮುಗಿಸುವ ತನಕ ಅಲ್ಲಿಂದ ಕದಲುತ್ತಲೂ ಇರಲಿಲ್ಲ. ಇದು ಅವನಿಗೆ ಗೊತ್ತಿತ್ತು. ಅದಕ್ಕೇ ನೀರು ಎಲ್ಲಿಯ ತನಕ ಬಂತೆಂದು ಹೆಜ್ಜೆ ಹೆಜ್ಜೆಗೂ ಕೂಗಿ ಹೇಳುತ್ತಿದ್ದ. "ಕಣಕಾಲು! ಮೊಣಕಾಲು!" ಹೆಗಲ ಮೇಲೆ ಕುಳಿತ ಪುಟ್ಟ ಮಗಳೂ ಅಪ್ಪನ ಜೊತೆ ಕೂಗುತ್ತಿದ್ದಳು. "ತೊಡೆ" ಎಂದು ಕೂಗಿದರೆ, ಹಿಂದಕ್ಕೆ ಸರಿದು ಬೇರೆ ದಾರಿ ಹುಡುಕುತ್ತಾರೆ ಎಂದು ದಡದಲ್ಲಿ ನಿಂತವಳಿಗೆ ತಿಳಿಯುತ್ತಿತ್ತು.

"ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಿಲ್ಲ. ಹೊಳೆಗಿಳಿದರೆ ಮಾತ್ರ ಬಾಯಿ ಬರುತ್ತದೆ ನಿಮಗೆ," ಎಂದು ಹೆಂಡತಿ ಬೈಯುತ್ತಿದ್ದಳು. ಅವನು ನಗುತ್ತಿದ್ದ. ಮರುವರ್ಷ ಇನ್ನೂ ಗಟ್ಟಿಯಾಗಿ ಕೂಗುತ್ತಿದ್ದ.

ಮಗಳು ಬೆಳೆದಳು. ಆಚೆ ದಡದ ಊರಿಗೆ ಮದುವೆಯಾಗಿ ಹೋದಳು. ಮರುಬೇಸಿಗೆಯಲ್ಲಿ ಕುಂಬಾರನಿಗೆ ಜ್ವರ ಬಂತು. ಒಂಬತ್ತನೆಯ ದಿನ ತೀರಿಕೊಂಡ. ಎರಡೂ ದಡದವರು ಅತ್ತರು.

ಮಳೆಗಾಲ ಬಂತು, ಹೋಯಿತು. ನೀರು ಇಳಿದಾಗ ನೋಡಿದರೆ ಆಚೆ ದಡದ ಕಡೆಯ ಆರು ಗೂಟ ಮಾತ್ರ ಕೊಚ್ಚಿಹೋಗಿದ್ದವು. ಈಚೆಯ ಒಂಬತ್ತು ಇದ್ದಲ್ಲೇ ಇದ್ದವು.

"ಹೊಳೆಯೇ ಅವನ ಗೂಟಕ್ಕೆ ಕೈಮುಗಿದು ಬಳಸಿಕೊಂಡು ಹೋಗಿದೆ," ಎಂದ ಗೌಡ. "ಇನ್ನು ಇವನ್ನು ಯಾರೂ ಮುಟ್ಟಕೂಡದು."

ಮೊದಲ ಗೂಟಕ್ಕೆ ಅರಿಸಿನ ಕುಂಕುಮ ಹಚ್ಚಿದರು. ತೆಂಗಿನಕಾಯಿ ಒಡೆದರು. ಹೋದ ಆರನ್ನು ಆಚೆ ಊರಿನವರು ತಮ್ಮ ಕಡೆಯಿಂದ ಬಂದು ಅದೇ ಸಾಲಿನಲ್ಲಿ ಹೊಸದಾಗಿ ನೆಟ್ಟರು. ಕೋಲೂರಿ ತಳ ನೋಡಲು ಯಾರಿಗೂ ಮನಸ್ಸು ಬರಲಿಲ್ಲ. ಕುಂಬಾರ ನೆಟ್ಟ ದಾರಿಯನ್ನು ಪರೀಕ್ಷಿಸುವುದೆಂದರೆ ಅವನನ್ನೇ ಅನುಮಾನಿಸಿದಂತೆ ಎಂದುಕೊಂಡರು.

ಹೆಂಡತಿಗೆ ಹೊಟ್ಟೆ ತಣ್ಣಗಾಯಿತು. ದಿನವೂ ಬೆಳಿಗ್ಗೆ ದಡಕ್ಕೆ ಹೋಗಿ ಗೂಟಗಳನ್ನು ನೋಡುತ್ತಾ ನಿಲ್ಲುತ್ತಿದ್ದಳು. ಮನೆಯಲ್ಲಿದ್ದ ಮಡಕೆಗಳೆಲ್ಲ ಮಾರಿಹೋಗಿದ್ದವು. ಅವನ ಕೈ ಕೊನೆಗೆ ಒತ್ತಿ ನಿಲ್ಲಿಸಿದ್ದೆಂದರೆ ಈ ಗೂಟಗಳೇ. ಈಚೆ ದಡದಿಂದ ಏಳನೆಯ ಗೂಟ ಸ್ವಲ್ಪ ವಾಲಿತ್ತು. ಅವನು ನೆಟ್ಟ ದಿನ ಅದು ಸೆಟೆದು ನಿಂತಿದ್ದನ್ನು ಅವಳು ಕಂಡಿದ್ದಳು. ವಾಲಿದೆ ಎಂದರೆ ಬುಡದ ಮರಳು ಹೋಗಿದೆ. ಬಾಯಿ ಬಿಟ್ಟರೆ ಅದನ್ನು ಕೀಳುತ್ತಾರೆ. ಅವಳು ಸುಮ್ಮನಿದ್ದಳು.

ಒಂದು ದಿನ ಬಳೆಗಾರ ಎದೆಯ ತನಕ ನೆನೆದು ದಡ ಹತ್ತಿದ.

"ಏನ್ರಯ್ಯಾ ನಿಮ್ಮ ಗೂಟ! ನಡುಹೊಳೆಯಲ್ಲಿ ನನ್ನನ್ನೇ ನುಂಗುತ್ತಿತ್ತು."

"ನೀನು ತಪ್ಪು ಕೈಗೆ ಬಿಟ್ಟು ಬಂದಿರಬೇಕು," ಎಂದರು ಜನ. "ಹೊತ್ತು ಮೂಡಿದರೆ ಬೇರೆಯವರ ಕೈ ಹಿಡಿಯುವವನು. ತನ್ನ ಎಡಗೈ ಯಾವುದೆಂದು ಮರೆತಿದ್ದಾನೆ."

ಎಲ್ಲರೂ ನಕ್ಕರು. ಕುಂಬಾರನ ಹೆಂಡತಿ ನಗಲಿಲ್ಲ. ಏಳನೆಯ ಗೂಟದ ಮಾತನ್ನೂ ಎತ್ತಲಿಲ್ಲ.

ಮುಂದಿನ ವಾರ ಏಳು ತಿಂಗಳು ತುಂಬಿದ ಮಗಳು ಹೆರಿಗೆಗೆಂದು ತವರಿಗೆ ಹೊರಟಳು. ಅಳಿಯ ತಲೆಯ ಮೇಲೆ ಗಂಟು ಹೊತ್ತು ಮುಂದೆ, ಮಗಳು ಹಿಂದೆ. ಗೂಟಗಳನ್ನು ಎಡಗೈಗೆ ಬಿಟ್ಟು ಸರಿಯಾಗಿಯೇ ಬಂದರು. ತಾಯಿ ಈಚೆ ದಡದಲ್ಲಿ ಕಾಯುತ್ತಿದ್ದಳು. ಊರಿನ ಹತ್ತಾರು ಜನರೂ ಇದ್ದರು.

ಏಳನೆಯ ಗೂಟದ ಬಳಿ ಅಳಿಯ ಇದ್ದಕ್ಕಿದ್ದಂತೆ ಕುತ್ತಿಗೆಯ ತನಕ ಇಳಿದ. ಗಂಟು ತೇಲಿಹೋಯಿತು. ನೀರು ಅವನನ್ನೂ ಎಳೆದುಕೊಂಡು ಹೋಗಿ ಕೆಳಗಿನ ಮರಳು ದಿಬ್ಬಕ್ಕೆ ಎಸೆಯಿತು. ಮಗಳು ಒಬ್ಬಳೇ ಉಳಿದಳು. ಹೊಟ್ಟೆಯ ಮೇಲೆ ಒಂದು ಕೈ, ಗೂಟದ ಮೇಲೆ ಒಂದು ಕೈ. ಕಾಲಡಿಯ ಮರಳು ಜಾರುತ್ತಿತ್ತು.

"ಗೂಟ ಬಿಡಬೇಡ! ಗೂಟದ ಪಕ್ಕದಲ್ಲೇ ಬಾ!" ದಡದವರೆಲ್ಲ ಒಂದೇ ಬಾಯಲ್ಲಿ ಕೂಗಿದರು.

"ಗೂಟ ಬಿಡು!"

ಅದು ತಾಯಿಯ ದನಿ. ಗೌಡ ತಿರುಗಿ ನೋಡಿದ.

"ಬಿಡು ಮಗಳೇ! ಅದು ಹೋದ ವರ್ಷದ್ದು! ಹಿಂದಕ್ಕೆ ಸರಿದು ಕಾಲಿಗೆ ಗಟ್ಟಿ ಸಿಕ್ಕ ಕಡೆ ಬಾ. ಅಪ್ಪನ ಹಾಗೆ ಕೂಗುತ್ತಾ ಬಾ!"

ಮಗಳು ಗೂಟ ಬಿಟ್ಟಳು. ಒಂದು ಹೆಜ್ಜೆ ಹಿಂದಿಟ್ಟಳು. ಪಕ್ಕಕ್ಕೆ ಕಾಲು ಚಾಚಿ ನೋಡಿದಳು.

"ಸೊಂಟ!" ಎಂದು ಕೂಗಿದಳು. ಆಮೇಲೆ, "ತೊಡೆ!" ಸ್ವಲ್ಪ ಹೊತ್ತು ದನಿಯಿಲ್ಲ. ಆಮೇಲೆ, "ತೊಡೆ, ಅವ್ವಾ!" ಎಷ್ಟೋ ಹೊತ್ತಿನ ಮೇಲೆ, "ಮೊಣಕಾಲು!"

ತಾಯಿ ಅವಳ ಕೈ ಹಿಡಿದುಕೊಂಡಳು. ತಾನೂ ಮೊಣಕಾಲುಮಟ್ಟದ ನೀರಿನಲ್ಲಿ ನಿಂತಿರುವುದು ಅವಳಿಗೆ ಗೊತ್ತಾದದ್ದು ಆಗಲೇ.

ಅಳಿಯ ಮರಳು ದಿಬ್ಬದಿಂದ ಬಳಸಿ ಬಂದು ದಡ ಹತ್ತಿದ. ಬಾಯಲ್ಲಿದ್ದ ಮರಳು ಉಗಿದ. "ಮಾವನವರಿಗೆ ಮೊದಲಿನಿಂದಲೂ ನನ್ನನ್ನು ಕಂಡರೆ ಅಷ್ಟಕ್ಕಷ್ಟೇ," ಎಂದ. ಮಗಳು ಅಳುತ್ತಿದ್ದವಳು ನಕ್ಕುಬಿಟ್ಟಳು.

ಮರುದಿನ ಬೆಳಿಗ್ಗೆ ಕುಂಬಾರನ ಹೆಂಡತಿ ಗಂಡನ ಬಿದಿರುಕೋಲನ್ನೂ ಹೊಸ ಗೂಟಗಳ ಹೊರೆಯನ್ನೂ ದಡದಲ್ಲಿಟ್ಟು, ಸೀರೆ ಎತ್ತಿ ಕಟ್ಟಿ ಹೊಳೆಗಿಳಿದಳು. ಮೊದಲ ಗೂಟವನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಗೌಡ ಓಡಿ ಬಂದ.

"ಏನು ಮಾಡುತ್ತಿದ್ದೀಯೆ ತಂಗೀ? ಅವನದೆಂದು ಉಳಿದಿರುವುದು ಇದೊಂದೇ!"

"ನನಗೆ ಗೊತ್ತಿಲ್ಲವೇ ಗೌಡರೇ?" ಎಂದಳು ಅವಳು. ಗೂಟ ಬಿಡಲಿಲ್ಲ. "ಏಳನೆಯದು ವಾಲಿದ್ದು ನನಗೆ ಮೊದಲ ದಿನವೇ ಕಂಡಿತ್ತು. ಬಾಯಿ ಮುಚ್ಚಿಕೊಂಡಿದ್ದೆ. ಅವರಿದ್ದಿದ್ದರೆ ದೀಪಾವಳಿ ಕಳೆದ ವಾರವೇ ಎಲ್ಲವನ್ನೂ ಕಿತ್ತುಹಾಕಿರುತ್ತಿದ್ದರು. ಆ ಬಿದಿರುಕೋಲು ಇತ್ತ ಕೊಡಿ."

ಗೌಡ ಕೋಲು ಎತ್ತಿ ಕೊಟ್ಟ. ಪಂಚೆ ಮೇಲೆ ಕಟ್ಟಿ, ಗೂಟಗಳ ಹೊರೆ ಹೊತ್ತು ತಾನೂ ಇಳಿದ. ಅವನ ಹಿಂದೆ ಇನ್ನೂ ನಾಲ್ವರು ಇಳಿದರು. ಮಗಳು ದಡದಲ್ಲಿ ಕುಳಿತಿದ್ದಳು. ತಾಯಿ ಹೆಜ್ಜೆಗೊಮ್ಮೆ ಕೋಲೂರಿ ಕೂಗಿ ಹೇಳಿದಳು. ಮೊದಮೊದಲು ದನಿ ನಡುಗಿತು. ನಡುಹೊಳೆಗೆ ಬರುವಷ್ಟರಲ್ಲಿ ಊರಿಗೆ ಕೇಳುವಷ್ಟು ಗಟ್ಟಿಯಾಯಿತು. ಆ ವರ್ಷದ ದಾರಿ ಅರವತ್ತು ಹೆಜ್ಜೆ ಮೇಲಕ್ಕೆ ಸರಿದಿತ್ತು. ಹದಿನಾರು ಗೂಟ ಬೇಕಾದವು.

ಕಿತ್ತ ಗೂಟಗಳನ್ನು ಅವಳು ಮನೆಯ ಹಿಂದೆ ಒಣಗಲು ಹಾಕಿದಳು. ಎರಡು ತಿಂಗಳಿಗೆ ಮಗಳು ಹೆತ್ತಳು. ಬಾಣಂತಿಗೂ ಕೂಸಿಗೂ ನೀರು ಕಾಯಿಸಲು ಅವೇ ಸೌದೆಯಾದವು. ಜಾಲಿ ಚೆನ್ನಾಗಿ ಉರಿಯುತ್ತದೆ.

ಅಲ್ಲಿಂದ ಮುಂದೆ ಆ ಊರಿನಲ್ಲಿ ವರ್ಷಕ್ಕೊಂದು ಮನೆಯವರು ಹಳೆಯ ಗೂಟ ಕಿತ್ತು ಹೊಸದು ನೆಡುತ್ತಾರೆ. ಸರದಿ ಒಂದು ವರ್ಷವೂ ತಪ್ಪಿಲ್ಲ.

ಗುರುಗಳು ಕೊನೆಯ ಹುಣಸೆಬೀಜ ತೆಗೆದು ಮೊರದಲ್ಲಿ ಹಾಕಿದರು.

ಶಿಷ್ಯ ಕಾದು ನೋಡಿದ. ಕತೆ ಮುಂದುವರಿಯಲಿಲ್ಲ.

"ಅಂಥವನ ಹೆಸರನ್ನು ನಾನು ಎಲ್ಲಿಯೂ ಕೇಳಿಲ್ಲವಲ್ಲ, ಗುರುಗಳೇ," ಎಂದ. "ಏನು ಅವನ ಹೆಸರು?"

"ಈಗ ಗೂಟದ ಸಾಲು ನೋಡಿಕೊಂಡು ಹೊಳೆ ದಾಟಿ ಬಂದೆಯಲ್ಲ, ನೀರು ಎಲ್ಲಿಯ ತನಕ ಬಂತು?"

ಶಿಷ್ಯ ತನ್ನ ಪಂಚೆಯನ್ನು ನೋಡಿಕೊಂಡ. ಮೊಣಕಾಲಿನಿಂದ ಕೆಳಗೆ ಮಾತ್ರ ಒದ್ದೆಯಿತ್ತು.