ಅಳಿವೆಯ ಕೆಸರು ಕಾಲು ಹಿಡಿಯುವುದೇಕೆ

ಲೋಕವಿನ್ನೂ ಹಸಿಯಾಗಿದ್ದ ಕಾಲವದು. ಬೆಟ್ಟಗಳ ಮೈಬಿಸಿ ಆರಿರಲಿಲ್ಲ. ನದಿಗಳಿಗೆ ದಾರಿ ರೂಢಿಯಾಗಿರಲಿಲ್ಲ. ನದಿಯು ಕಡಲನ್ನು ಕೂಡುವ ಅಳಿವೆಯಲ್ಲಿ ಆಗ ಕೆಸರೆಂಬುದೇ ಇರಲಿಲ್ಲ, ಮಗೂ. ಬರಿಯ ನೀರು, ನೀರಿನ ನಡುವೆ ಒಂದು ಬಂಡೆ, ಬಂಡೆಯ ಬಿರುಕಿನಲ್ಲಿ ಒಂದೇ ಒಂದು ಕಾಂಡ್ಲ ಮರ.

ಕಾಂಡ್ಲವು ಬರಿಯ ಬೀಜವನ್ನು ಉದುರಿಸುವ ಮರವಲ್ಲ. ಮೊಳೆತ ಕೂಸನ್ನು ಕೊಂಬೆಯಲ್ಲಿಯೇ ತೂಗಿ, ಮೊಳದುದ್ದ ಬೆಳೆಸಿ, ಆಮೇಲೆ ಕೆಳಗಿಳಿಸುವ ತಾಯಿ ಅದು. ಆರು ಕೂಸುಗಳನ್ನು ಇಳಿಸಿತ್ತು. ಆರನ್ನೂ ಕಡಲು ಒಯ್ದಿತ್ತು. ಏಳನೆಯದು ಈಗ ತೊಟ್ಟು ಬಿಡುವುದರಲ್ಲಿತ್ತು.

ಕೆಳಗೆ ಮಣ್ಣಿನ ಕಣಗಳು ಹರಿದುಹೋಗುತ್ತಿದ್ದವು. ಮರಳು ದಪ್ಪ ಮೈಯದು. ಅದು ನದಿಯ ಮೇಲಣ ತಿರುವುಗಳಲ್ಲಿಯೇ ಕುಳಿತುಬಿಟ್ಟಿತ್ತು. ಇಲ್ಲಿಯವರೆಗೆ ಬಂದವು ಹಿಟ್ಟಿಗಿಂತ ನುಣುಪಾದ ಜೇಡಿಯ ಕಣಗಳು.

"ಅಣ್ಣಂದಿರಾ, ನನ್ನ ಬುಡದಲ್ಲಿ ಒಂದಿಷ್ಟು ಕುಳಿತುಕೊಳ್ಳಿ. ನನ್ನ ಮಗುವಿಗೆ ಕಾಲೂರಲು ನೆಲವಿಲ್ಲ," ಎಂದು ಕಾಂಡ್ಲ ಬೇಡಿತು.

"ಕುಳಿತೇವು ತಾಯೀ. ಆದರೆ ಈ ಕೆಂಪು ಮೈಯವನು ನನ್ನ ತಲೆಯ ಮೇಲೆ ಕೂತರೆ?" ಎಂದಿತು ಕರಿಯ ಕಣ.

"ನನಗೆ ಕಣ್ಣು ಹತ್ತಿದರೆ ನೀನೇ ನನ್ನನ್ನು ಕಡಲಿಗೆ ತಳ್ಳುವವನು. ಬೆಟ್ಟದಿಂದ ನೋಡುತ್ತಾ ಬಂದಿದ್ದೇನೆ ನಿನ್ನ ಮೋರೆಯನ್ನು!" ಎಂದಿತು ಕೆಂಪು ಕಣ.

"ಇಬ್ಬರೂ ದೂರ ನಿಲ್ಲಿ. ನನ್ನ ಬೆನ್ನ ಹಿಂದೆ ಯಾರೂ ಬರಕೂಡದು," ಎಂದಿತು ಬಿಳಿಯದು.

ಹೀಗೆ ಒಂದನ್ನೊಂದು ಶಂಕಿಸಿ, ಒಂದರಿಂದೊಂದು ಸರಿದು, ಕಣಗಳೆಲ್ಲ ತೇಲುತ್ತಲೇ ಇದ್ದವು.

ಅಷ್ಟರಲ್ಲಿ ಕಡಲಿನ ಉಬ್ಬರ ಅಳಿವೆಯೊಳಕ್ಕೆ ಬಂದಿತು. "ನನ್ನ ಆರು ಮಕ್ಕಳೆಲ್ಲಿ?" ಎಂದು ಕಾಂಡ್ಲ ಅದನ್ನು ತಡೆದು ಕೇಳಿತು.

"ನಾನು ಕದ್ದವನಲ್ಲ, ಅಮ್ಮಾ. ನೆಲೆಯಿಲ್ಲದ್ದು ನನ್ನೊಡನೆ ಬರುತ್ತದೆ," ಎಂದಿತು ಕಡಲು. "ಈ ಕಣಗಳನ್ನು ಕೂರಿಸಬೇಕೇ? ಎಲ್ಲರಿಗೂ ಒಟ್ಟಿಗೆ ನನ್ನ ಉಪ್ಪನ್ನು ಉಣ್ಣಿಸು. ಆಮೇಲೂ ಚದುರಿದರೆ ನನ್ನನ್ನು ಕೇಳು."

"ವಿಷ! ವಿಷ!" ಎಂದು ಕಣಗಳು ಬಾಯಿ ಬಿಗಿದುಕೊಂಡವು. "ಇವನ ಮನೆಗೆ ಹೋದವನು ಯಾವನು ಮರಳಿ ಬಂದಿದ್ದಾನೆ?"

ಕಾಂಡ್ಲಕ್ಕೂ ನಂಬಿಕೆಯಿರಲಿಲ್ಲ. ಆದರೆ ಮೇಲೆ ತೊಟ್ಟು ಸಡಿಲಿತು. "ನೋಡಿಕೊಳ್ಳಿ, ಮೊದಲ ತುತ್ತು ನನ್ನದು," ಎಂದು, ಅದುವರೆಗೆ ಬಿರುಕಿನ ಮಳೆನೀರನ್ನಷ್ಟೇ ಕುಡಿದಿದ್ದ ಮರವು ಬೇರನ್ನು ಕೆಳಗಿಳಿಸಿ ಉಪ್ಪುನೀರನ್ನು ಹೀರಿತು. ಎಲೆಗಳು ಬಾಡಿದವು. ಕಣಗಳು ಓರೆಗಣ್ಣಿನಿಂದ ನೋಡುತ್ತಿದ್ದವು. ಬಹಳ ಹೊತ್ತಿನ ಮೇಲೆ ಒಂದು ಎಲೆ ತಲೆಯೆತ್ತಿತು, ಆಮೇಲೆ ಇನ್ನೊಂದು.

ಆಗ ಕಣಗಳೂ ಉಂಡವು. ಉಂಡೊಡನೆ ಕರಿಯದು ಕೆಂಪಿನ ಕೈಯನ್ನು ಹಿಡಿಯಿತು. ಒಲವಿನಿಂದಲ್ಲ, ಮಗೂ! "ನನಗೇನಾದರೂ ಆದರೆ ನೀನೊಬ್ಬನೇ ತಪ್ಪಿಸಿಕೊಳ್ಳಕೂಡದು," ಎಂದು. ಕೆಂಪು ಬಿಳಿಯದನ್ನು ಹಿಡಿಯಿತು, ಬಿಳಿಯದು ಮತ್ತೊಂದನ್ನು. ಹತ್ತು ನೂರಾಗಿ, ಗಂಟುಗಂಟಾಗಿ, ಭಾರವಾಗಿ, ಅವೆಲ್ಲ ಬಂಡೆಯ ಬುಡದಲ್ಲಿ ಮೆಲ್ಲನೆ ಕುಳಿತವು.

ಏಳನೆಯ ಕೂಸು ನೆಟ್ಟಗೆ ಇಳಿದು ಆ ಹೊಸ ಕೆಸರಿನಲ್ಲಿ ಕಾಲೂರಿತು. ಕೆಸರು ಅದನ್ನು ಬಿಗಿಹಿಡಿದು ಕೇಳಿತು: "ನೀನಾರು? ಎಲ್ಲಿಗೆ ಹೊರಟೆ?"

"ಎಲ್ಲಿಗೂ ಇಲ್ಲ," ಎಂದಿತು ಕೂಸು.

ಅಂದಿನಿಂದ ಹೊಳೆಯ ನೀರು ಉಪ್ಪನ್ನು ಮುಟ್ಟಿದಲ್ಲೆಲ್ಲ ತನ್ನ ಮಣ್ಣನ್ನು ಕೆಳಗಿಳಿಸುತ್ತದೆ. ಮತ್ತು ಕಡಲು ಇಳಿದ ಹೊತ್ತಿನಲ್ಲಿ ನೀನು ಅಳಿವೆಗೆ ಕಾಲಿಟ್ಟರೆ, ಅಲ್ಲಿಯ ಕೆಸರು ನಿನ್ನ ಹಿಮ್ಮಡಿಯನ್ನು ಹಿಡಿದು, ಎಲ್ಲಿಗೆ ಹೊರಟೆಯೆಂದು ಇಂದಿಗೂ ವಿಚಾರಿಸದೆ ಬಿಡುವುದಿಲ್ಲ.